ಕುರುಗೋಡಿನ ಕಟ್ಟು

ಮುರಿದ ಮೂಳೆಯ ವಿಷಯದಲ್ಲಿ ಪಾರಮ್ಮನಿಗೆ ಯಾವತ್ತೂ ಅನುಮಾನ ಬಂದದ್ದಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ರುಚಿ ನೋಡುತ್ತಿದ್ದಳು, ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುತ್ತಿದ್ದಳು. ಆದರೆ ಊದಿಕೊಂಡ ಕೈಯೋ ಕಾಲೋ ಎದುರಿಗೆ ಬಂದರೆ ಸಾಕು, ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸುವಳು. ಎಲ್ಲಿ ಸರಿದಿದೆ, ಎತ್ತ ಎಳೆದರೆ ಕೂಡುತ್ತದೆ ಎಂಬುದು ಬೆರಳಿಗೇ ತಿಳಿದುಬಿಡುತ್ತಿತ್ತು. ಸಂಗನಕಲ್ಲಿನ ತವರುಮನೆಯಲ್ಲಿ ಅಪ್ಪ ಊರ ದನಗಳ ಕಾಲು ಕಟ್ಟುವಾಗ ದಬ್ಬೆ ಹಿಡಿದುಕೊಂಡು ನಿಂತ ಹುಡುಗಿ ಆಕೆ. ಒದೆಯುವ ಎತ್ತಿನ ಮೂಳೆ ಕೂಡಿಸಿದವಳಿಗೆ ಮನುಷ್ಯನ ಮೂಳೆ ಯಾವ ಲೆಕ್ಕ?

ಆದರೆ ಹೆಸರು ಮಾತ್ರ ಗಂಡ ಕೊಟ್ರಬಸಪ್ಪನದು. ‘ಕುರುಗೋಡಿನ ಕಟ್ಟು’ ಎಂದರೆ ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಎಲ್ಲರಿಗೂ ಗೊತ್ತು. ಅಜ್ಜ ಕಟ್ಟಿದ, ಅಪ್ಪ ಕಟ್ಟಿದ, ಈಗ ಕೊಟ್ರಬಸಪ್ಪ ಕಟ್ಟುತ್ತಾನೆ. ಬಿದಿರಿನ ದಬ್ಬೆ, ಹಳೆಯ ಸೀರೆಯ ಪಟ್ಟಿ, ಮೇಲೆ ಉದ್ದಿನ ಹಿಟ್ಟಿನ ಲೇಪ. ಒಣಗಿದ ಮೇಲೆ ಕಲ್ಲಿನಂತೆ ಕೂಡುತ್ತಿತ್ತು.

ಈ ಮನೆತನದ ಕಟ್ಟಿಗೆ ಎರಡು ನೇಮಗಳಿದ್ದವು. ಮೂಳೆ ಕೂಡಿಸುವಾಗ ಯಾರೂ ನೋಡಬಾರದು. ಪೆಟ್ಟು ತಿಂದವನ ಮುಖದ ಮೇಲೆ ಟವಲು, ಸುತ್ತ ಕಂಬಳಿಯ ಮರೆ. ಇನ್ನೊಂದು, ಕಟ್ಟಿದ ಕೈಯೇ ಬಿಚ್ಚಬೇಕು; ಬೇರೆಯವರು ಬಿಚ್ಚಿದರೆ ಮೂಳೆ ಮುನಿಸಿಕೊಂಡು ಮತ್ತೆ ಕೂಡುವುದಿಲ್ಲ. ಮೂಳೆಗೆಲ್ಲಿಯ ಮುನಿಸು! ಅಜ್ಜನ ಕಾಲದಲ್ಲಿ ಇನ್ನೊಬ್ಬ ಮೂಳೆ ಕಟ್ಟುವವನು ಊರೂರು ತಿರುಗಿ, ಅಜ್ಜ ಕಟ್ಟಿದ್ದನ್ನು ಬಿಚ್ಚಿ ತಾನು ಕಟ್ಟಿ ಕಾಸು ಮಾಡಿಕೊಳ್ಳುತ್ತಿದ್ದನಂತೆ. ಅವನ ಕಾಟ ತಪ್ಪಿಸಲು ಅಜ್ಜ ಹುಟ್ಟಿಸಿದ ಮಾತು ಅದು. ಸಾಯುವ ಮುಂಚೆ ಅತ್ತೆಯೇ ಪಾರಮ್ಮನ ಕಿವಿಯಲ್ಲಿ ಇದನ್ನು ಹೇಳಿ ನಕ್ಕಿದ್ದಳು. ಅಜ್ಜ ಹೋದ, ಕಾಟ ಕೊಟ್ಟವನೂ ಹೋದ, ಮಾತು ಮಾತ್ರ ಊರೂರಲ್ಲಿ ಬೇರು ಬಿಟ್ಟು ಉಳಿಯಿತು.

ಮೂರು ವರ್ಷದ ಹಿಂದೆ ಕೊಟ್ರಬಸಪ್ಪನ ಬಲಗೈ ನಡುಗತೊಡಗಿತು. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡಿದ್ದಾಗಲೂ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ದೇವರ ದೀಪಕ್ಕೆ ಬತ್ತಿ ಹೊಸೆಯುವಂತೆ. ಏನನ್ನಾದರೂ ಬಿಗಿಯಾಗಿ ಹಿಡಿದು ಜಗ್ಗಿದರೆ ಮಾತ್ರ ನಡುಕ ನಿಲ್ಲುತ್ತಿತ್ತು. ಅಂಥ ಕೈಯಲ್ಲಿ ಮುರಿದ ಮೂಳೆ ಹಿಡಿಯುವುದು ಹೇಗೆ? ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿದ್ದೇನೂ ಇಲ್ಲ. ಒಂದು ದಿನ ಕಂಬಳಿಯ ಮರೆಯೊಳಗೆ ಆತ ಸುಮ್ಮನೆ ಪಕ್ಕಕ್ಕೆ ಸರಿದ, ದಬ್ಬೆ ಕೊಡಲು ಒಳಗಿದ್ದ ಆಕೆ ಆತನ ಜಾಗಕ್ಕೆ ಬಂದು ಕೂತಳು. ಅಂದಿನಿಂದ ಕೂಡಿಸುವುದೂ ಕಟ್ಟುವುದೂ ಪಾರಮ್ಮನೇ. ಮರೆ ಸರಿಸಿದ ಮೇಲೆ ಎಲ್ಲರೂ ನೋಡುವಂತೆ ಕೊನೆಯ ಗಂಟು ಹಾಕಿ ಲೇಪ ಬಳಿಯುವುದಷ್ಟೇ ಕೊಟ್ರಬಸಪ್ಪನ ಪಾಲಿಗೆ ಉಳಿದಿತ್ತು.

ಐವತ್ತೊಂದನೆಯ ಇಸವಿ, ಜೋಳದ ಸುಗ್ಗಿ ಮುಗಿದಿತ್ತು. ಬಳ್ಳಾರಿ ಸೀಮೆ ಇನ್ನೂ ಮದರಾಸಿನ ಕೈಕೆಳಗಿದ್ದ ಕಾಲವಾದ್ದರಿಂದ ನಮ್ಮವರು ಹುತುತು, ಅಂದರೆ ಕಬಡ್ಡಿ ಆಟವನ್ನು ಚೆಡುಗುಡು ಎಂದೇ ಕರೆಯುತ್ತಿದ್ದರು. ಕುರುಗೋಡಿನ ಗುಡ್ಡದ ಬುಡದ ಬಯಲಿನಲ್ಲಿ ಆ ಭಾನುವಾರ ದೊಡ್ಡ ಪಂದ್ಯ. ಎಂಟು ಊರುಗಳ ತಂಡಗಳು ಬಂದಿದ್ದವು. ಸೀಟಿ ಊದಲು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಒಬ್ಬ ಡ್ರಿಲ್ ಮಾಸ್ತರರನ್ನು ಕರೆಸಿದ್ದರು. ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಕೊಟ್ರಬಸಪ್ಪ ಗಂಭೀರವಾಗಿ ಕೂತಿದ್ದ. ಪಕ್ಕದಲ್ಲಿ ಪಾರಮ್ಮ, ಎರಡು ಕೊಡ ನೀರು, ಒಂದು ಗಡಿಗೆ ಮಜ್ಜಿಗೆ.

ಆಟ ಮುಗಿಸಿದವರೆಲ್ಲ ಕುಂಟುತ್ತ ಅಲ್ಲಿಗೇ ಬರುತ್ತಿದ್ದರು. ಹಿಮ್ಮಡಿ ಉಳುಕಿದವನೊಬ್ಬ ಕಾಲು ಚಾಚಿದ.

“ಬಿಸಿ ಎಣ್ಣಿ ಹಚ್ಚಿ ಗಟ್ಟಿ ತಿಕ್ಕಬೇ, ಸಂಜಿ ಆಟಕ್ಕ ಇಳೀಬೇಕು.”

“ಇವರು ಹೇಳತಾರ, ಊದಿದ್ದನ್ನ ತಿಕ್ಕಬಾರದಂತ” ಎಂದಳು ಪಾರಮ್ಮ. ಕೊಟ್ರಬಸಪ್ಪ ಏನೂ ಹೇಳಿರಲಿಲ್ಲ. ಹೌದೆಂಬಂತೆ ತಲೆ ಆಡಿಸಿದ. “ತಿಕ್ಕಿದ್ರ ಇನ್ನಾಟು ಊದತೈತಿ. ಕಾಲು ಎತ್ತರಕ್ಕಿಟ್ಟು ತಣ್ಣೀರು ಬಟ್ಟಿ ಹಾಕ್ಕೋ. ಎರಡು ದಿನ ಯಾರ ಕೈಯಾಗೂ ಮುಟ್ಟಿಸಬ್ಯಾಡ. ಮೂರನೇ ದಿನ ಮೆಲ್ಲಕ ನೆಲಕ್ಕ ಊರು. ನೋವು ಬಂತೋ, ಮತ್ತ ಕುಂದ್ರು. ಸಂಜಿ ಆಟಂತ, ಸಂಜಿ ಆಟ!”

ಮೊಣಕಾಲು ತರಚಿಕೊಂಡು ಅದಕ್ಕೆ ಬಯಲಿನ ಮಣ್ಣನ್ನೇ ಮೆತ್ತಿಕೊಂಡು ಬಂದವನೊಬ್ಬನಿಗೆ ಚೆನ್ನಾಗಿ ಮಂಗಳಾರತಿ ಆಯಿತು. ಕಾಸಿ ಆರಿಸಿದ ನೀರಿನಲ್ಲಿ ಅದನ್ನು ತೊಳೆಯುವವರೆಗೆ ಆಕೆ ಬಿಡಲಿಲ್ಲ. ಬಿಸಿಲಿಗೆ ಕಣ್ಣು ಕತ್ತಲೆ ಬಂದವನನ್ನು ನೆರಳಿನಲ್ಲಿ ಮಲಗಿಸಿ, ಎಚ್ಚರಾಗಿ ಎದ್ದು ಕೂತ ಮೇಲೆ ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ಎಲ್ಲದಕ್ಕೂ “ಇವರು ಹೇಳತಾರ” ಎಂಬ ಮುದ್ರೆ ಬೀಳುತ್ತಿತ್ತು. ಇವರು ಬತ್ತಿ ಹೊಸೆಯುವ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು.

ಸಿರುಗುಪ್ಪದವರ ಕೊನೆಯ ಆಟದಲ್ಲಿ ಓಬಣ್ಣ ಬಿದ್ದ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಹುಡುಗ, ಇಪ್ಪತ್ತನಾಲ್ಕರ ಪ್ರಾಯ, ಎದೆ ಅಂದರೆ ಎದೆ. ಮೊನ್ನೆಮೊನ್ನೆಯವರೆಗೂ ನಿಜಾಮನದಾಗಿದ್ದ ಆಚೆ ದಡಕ್ಕೆ ದಿನಕ್ಕೆ ಎಂಟು ಸಲ ಜನರನ್ನು ದಾಟಿಸಿ, ಸಂಜೆ ಆಟಕ್ಕೆ ಬರುತ್ತಿದ್ದವನು. ಉಸಿರು ಹಿಡಿದು ನುಗ್ಗಿ ಇಬ್ಬರನ್ನು ಮುಟ್ಟಿ ತಿರುಗುವಷ್ಟರಲ್ಲಿ ಐದು ಜನ ಅವನ ಮೇಲೆ ಬಿದ್ದರು. ಬಲಗೈ ಮೈಯ ಕೆಳಗೆ ಸಿಕ್ಕಿಕೊಂಡಿತು. ಲಟಕ್ಕೆಂದ ಸದ್ದು ಬೇವಿನ ಮರದವರೆಗೂ ಕೇಳಿತು.

ಕಂಬಳಿ ಹಿಡಿದರು, ಮುಖಕ್ಕೆ ಟವಲು ಹಾಕಿದರು. ಮರೆಯೊಳಗೆ ಪಾರಮ್ಮ ಮುಂಗೈಯನ್ನು ಹಿಡಿದು ಕಣ್ಣು ಮುಚ್ಚಿದಳು. ಎರಡೂ ಮೂಳೆ ಹೋಗಿದ್ದವು. ಅವುಡುಗಚ್ಚಿ ಎಳೆದಳು, ತಿರುಗಿಸಿದಳು, ಕೂತವು. ಓಬಣ್ಣ ಟವಲನ್ನು ಕಚ್ಚಿ ಗೊರಗುಟ್ಟಿದ. ದಬ್ಬೆ ಇಟ್ಟು ಪಟ್ಟಿ ಸುತ್ತುವಾಗ ಆಕೆ ಎಂದಿನಂತೆ ಎರಡು ಬೆರಳು ತೂರುವಷ್ಟು ಜಾಗ ಬಿಟ್ಟಳು. ಮೊದಲ ದಿನ ಕೈ ಊದದೆ ಇರುವುದಿಲ್ಲ. ಊತಕ್ಕೆ ಜಾಗ ಕೊಡದ ಕಟ್ಟು ಕಟ್ಟಲ್ಲ, ಕುಣಿಕೆ ಎಂದು ಆಕೆಗೆ ಗೊತ್ತಿತ್ತು.

ಕಂಬಳಿ ಸರಿಯಿತು. ಬಯಲಿಗೆ ಬಯಲೇ ಮರದ ಸುತ್ತ ನಿಂತಿತ್ತು. ಪಟ್ಟಿಯ ಎರಡು ತುದಿಗಳನ್ನು ಕೊಟ್ರಬಸಪ್ಪ ಕೈಗೆತ್ತಿಕೊಂಡ. ಅಷ್ಟು ಜನರ ಕಣ್ಣು ಬಿದ್ದದ್ದೇ ತಡ, ಬಲಗೈ ನಡುಗತೊಡಗಿತು. ಮುಂದಿನ ಸಾಲಿನಲ್ಲಿ ಯಾರೋ ಕತ್ತು ಚಾಚಿ ನೋಡಿದರು. ಕೊಟ್ರಬಸಪ್ಪ ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ಹಾಕಿ ಗಂಟನ್ನು ಜಗ್ಗಿದ. ನಡುಕ ನಿಂತಿತು. “ಕಟ್ಟು ಅಂದ್ರ ಇದು!” ಎಂದು ಜನ ಮೆಚ್ಚಿಕೊಂಡರು. ಆತ ಲೇಪ ಬಳಿದ.

ಪಟ್ಟಿ ಮಾಂಸಕ್ಕೆ ಕಚ್ಚಿದ್ದನ್ನು ಪಾರಮ್ಮ ನೋಡಿದಳು, ನೋಡಿಯೂ ಸುಮ್ಮನಿದ್ದಳು. ಇಷ್ಟು ಮಂದಿಯ ಎದುರು ಗಂಡನ ಗಂಟನ್ನು ಸಡಿಲಿಸಿದರೆ ಆತನ ಮಾನ ಎಲ್ಲಿ ಉಳಿಯುತ್ತದೆ? ಸಂಜೆ ಗಂಜಿ ಕೊಡುವ ನೆವದಲ್ಲಿ ಸರಿಮಾಡಿದರಾಯಿತು ಎಂದುಕೊಂಡಳು. ಮೂಳೆಯ ವಿಷಯದಲ್ಲಿ ಯಾವತ್ತೂ ತಪ್ಪದ ಹೆಂಗಸು ಅವತ್ತು ಮನುಷ್ಯರ ವಿಷಯದಲ್ಲಿ ತಪ್ಪಿದಳು. ಆಕೆ ನೀರು ತಂದು ಕೊಡ ಇಳಿಸಿ ತಿರುಗುವಷ್ಟರಲ್ಲಿ ಸಿರುಗುಪ್ಪದವರು ಗೆದ್ದ ಹುರುಪಿನಲ್ಲಿ ಓಬಣ್ಣನನ್ನು ಗಾಡಿಗೆ ಹತ್ತಿಸಿ ಹೊರಟೇಬಿಟ್ಟಿದ್ದರು.

ಸೆರಗು ಬಿಗಿದು ಗಾಡಿಯ ಹಿಂದೆ ಓಡಿದಳು. ತಂಡದ ಮುಂದಾಳು ಎರ್ರಣ್ಣ ಸೈಕಲ್ಲಿನ ಮೇಲೆ ಗಾಡಿಯ ಪಕ್ಕದಲ್ಲೇ ಹೋಗುತ್ತಿದ್ದ.

“ಎರ್ರಣ್ಣಾ, ಕೇಳಿಲ್ಲಿ. ಕೈ ಎದಿಗಿಂತ ಮ್ಯಾಲಿರಬೇಕು. ಬೆರಳು ಆಡಸ್ತಿರಬೇಕು. ಉಗುರು ನೋಡ್ತಿರು. ನೀಲಿಗಟ್ಟಿದ್ರ, ಬೆರಳು ತಣ್ಣಗಾದ್ರ, ಜುಮುಜುಮು ಅಂದ್ರ, ಆ ಗಳಿಗ್ಯಾಗ ಕಟ್ಟು ಕತ್ತರಿಸಿಬಿಡ್ರಿ.”

“ಕತ್ತರಿಸೋದಾ?” ಎರ್ರಣ್ಣ ಕಣ್ಣರಳಿಸಿದ. “ಕಟ್ಟಿದ ಕೈಯೇ ಬಿಚ್ಚಬೇಕಲ್ಲಬೇ.”

“ಹಂಗಾರ ಓಡಿ ಬಾ. ತಡ ಮಾಡಬ್ಯಾಡ.”

ಎರ್ರಣ್ಣ ಹೇಳಿದ ಮಾತು ಕೇಳುವ ಮನುಷ್ಯ. ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಮೈಯೆಲ್ಲ ಧೂಳಾಗಿ ಅಂಗಳಕ್ಕೆ ಬಂದು ಸೈಕಲ್ಲನ್ನು ಗೋಡೆಗೆ ಒಗೆದ.

“ಉಗುರು ನೇರಳೆಹಣ್ಣಾಗ್ಯಾವ. ರಾತ್ರಿಯೆಲ್ಲ ಚೀರ್‍ಯಾನ. ಈಗ ಮುಟ್ಟಿದ್ರೂ ಗೊತ್ತಾಗವಲ್ದಂತ.”

ಚೀರುವುದು ನಿಂತು ಮುಟ್ಟಿದ್ದೂ ತಿಳಿಯದಂತಾದರೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಪಾರಮ್ಮ ಆಗಲೇ ಎದ್ದು ನಿಂತಿದ್ದಳು.

“ಯಾರೂ ಬಿಚ್ಚಲಿಲ್ಲೇನೋ?”

“ದವಾಖಾನಿ ಕಾಂಪೌಂಡರ್ ಕತ್ತರಿ ಹಿಡಕಂಡು ಬಂದಿದ್ದ. ಅವರವ್ವ ಉಚ್ಚೆಂಗೆಮ್ಮ ಹೊಸ್ತಿಲು ದಾಟಾಕ ಬಿಡಲಿಲ್ಲ. ಕಟ್ಟಿದ ಕೈನ ಬರಬೇಕು ಅಂತ ಕುಂತಾಳ.”

ಭತ್ತ ತರಲು ಸಿರುಗುಪ್ಪಕ್ಕೆ ಖಾಲಿ ಹೊರಟಿದ್ದ ಲಾರಿಯೊಂದನ್ನು ಎರ್ರಣ್ಣ ನಿಲ್ಲಿಸಿದ. ಗಂಡ ಹೆಂಡತಿ ಹಿಂದೆ ಗೋಣಿಚೀಲಗಳ ಮೇಲೆ ಕೂತರು. ಪಾರಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಇಲ್ಲದ ಮುನಿಸನ್ನು ಮೂಳೆಗೆ ಅಂಟಿಸಿದ ಆ ಅಜ್ಜನ ಮೇಲೆ, ನಡುಕ ಮುಚ್ಚಲು ಜಗ್ಗಿದ ಈ ಗಂಡನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದ ತನ್ನ ಮೇಲೆ.

ಕೊಟ್ರಬಸಪ್ಪನೇ ಮೊದಲು ಬಾಯಿಬಿಟ್ಟ. “ನಾ ಹಂಗ ಜಗ್ಗಬಾರದಿತ್ತು.”

“ನಾ ನೋಡಿ ಸುಮ್ಮನಿರಬಾರದಿತ್ತು.”

“ಕೈ ಉಳೀತೈತೇನ?”

“ಉಳೀತೈತಿ” ಎಂದಳು ಪಾರಮ್ಮ. ಬೆರಳಿಟ್ಟು ನೋಡದೆ ಆಕೆ ಹೀಗೆ ಹೇಳಿದ್ದು ಇದೇ ಮೊದಲು. “ಆದ್ರ ಬಿಚ್ಚೋದು ನಾನು. ನಿಮ್ಮ ಕೈಯಾಗ ಚಾಕು ಕೊಡಂಗಿಲ್ಲ.”

“ಅಪ್ಪಣಿ ಕೊಟ್ಟೀನಿ ಅಂತೀನಿ. ಸಾಕಲ್ಲ?”

ಸಾಕಾಗಬಹುದು ಎಂದು ಆಕೆಗೂ ಅನ್ನಿಸಿತು. ಮೂರು ವರ್ಷ ಮರೆಯೊಳಗೆ ದುಡಿದವಳಿಗೆ ಇನ್ನೊಂದು ದಿನ ಮರೆಯೊಳಗಿರುವುದು ಕಷ್ಟವೇನಲ್ಲ. ಹುಡುಗನ ಕೈ ಉಳಿದರೆ ಸಾಕಾಗಿತ್ತು.

ಓಬಣ್ಣನ ಮನೆ ಹೊಳೆಯ ಕಡೆಗಿನ ಕೇರಿಯಲ್ಲಿತ್ತು. ಅಂಗಳದ ತುಂಬ ಜನ. ಪಂದ್ಯ ಗೆದ್ದ ಹುಡುಗರೆಲ್ಲ ಸೋತವರಂತೆ ಕೂತಿದ್ದರು. ಒಳಗೆ ಚಾಪೆಯ ಮೇಲೆ ಓಬಣ್ಣ ಗೋಡೆಗೊರಗಿದ್ದ. ತುಟಿ ಒಣಗಿತ್ತು. ಕಟ್ಟಿನಾಚೆಗೆ ಚಾಚಿಕೊಂಡಿದ್ದ ಬೆರಳುಗಳು ಅವನವೇ ಅಲ್ಲವೆಂಬಂತಿದ್ದವು, ದಪ್ಪಗೆ, ಕಪ್ಪುಗಟ್ಟಿ. ಪಾರಮ್ಮ ಮೊದಲು ಹೋಗಿ ಅವನ ಕಿರುಬೆರಳ ಉಗುರನ್ನು ಒತ್ತಿ ಬಿಟ್ಟಳು. ಬಿಳಿಚಿದ ಉಗುರಿಗೆ ಮತ್ತೆ ಬಣ್ಣ ಬರಲು ತುಂಬ ಹೊತ್ತು ಹಿಡಿಯಿತು. ಆದರೂ ಬಂತು. ರಕ್ತ ಇನ್ನೂ ದಾರಿ ಹುಡುಕುತ್ತಿದೆ ಎಂದು ಆಕೆಗೆ ಉಸಿರು ಬಂದಂತಾಯಿತು.

“ಚಾಕು ಕೊಡ್ರಿ, ಜಲ್ದಿ. ನೀರು ಕಾಸ್ರಿ.”

ಉಚ್ಚೆಂಗೆಮ್ಮ ಮಗನಿಗೂ ಈಕೆಗೂ ನಡುವೆ ಬಂದು ನಿಂತಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. “ನೀ ಮುಟ್ಟಬ್ಯಾಡವ್ವಾ. ಕಟ್ಟಿದವರು ಬಂದಾರಲ್ಲ, ಅವರು ಬಿಚ್ಚಲಿ.”

“ನಾನ ಅಪ್ಪಣಿ ಕೊಟ್ಟೀನಿ” ಎಂದ ಕೊಟ್ರಬಸಪ್ಪ. “ಆಕಿ ಬಿಚ್ಚಲಿ.”

“ಅಪ್ಪಣಿ ಅಂದ್ರ ಏನು ಮಾಡ್ಲಿ? ನಿಮ್ಮ ಅಪ್ಪನೇ ನನ್ನ ಗಂಡಗ ಹೇಳಿದ್ದು, ಇನ್ನೊಬ್ಬರ ಕೈ ತಾಕಿದ್ರ ಮೂಳಿ ಕೂಡಂಗಿಲ್ಲ ಅಂತ. ನನಗಿರೋನು ಒಬ್ಬವ. ಹುಟ್ಟು ಹಿಡಿಯೋ ಕೈ ಅದು. ನಿಮ್ಮ ಕೈಲೆ ಬಿಚ್ಚರಿ, ಕಾಲಿಗೆ ಬೀಳ್ತೀನಿ.”

ಕೊಟ್ರಬಸಪ್ಪ ಮುಂದೆ ಕೂತು ಗಂಟಿಗೆ ಕೈ ಹಾಕಿದ. ಲಾರಿಯ ಕುಲುಕಾಟಕ್ಕೋ ಅಂಜಿಕೆಗೋ, ಎರಡೂ ಕೈ ನಡುಗುತ್ತಿದ್ದವು. ಲೇಪ ಕಲ್ಲಾಗಿತ್ತು, ಗಂಟು ಊತದೊಳಗೆ ಹೂತುಹೋಗಿತ್ತು. ಎರಡು ಸಲ ಬೆರಳು ಜಾರಿತು. ಯಾರೋ ಚಾಕು ತಂದು ಅವನ ಕೈಗೇ ಕೊಟ್ಟರು. ಚಾಕುವಿನ ತುದಿ ಓಬಣ್ಣನ ಕಪ್ಪು ಬೆರಳ ಮೇಲೆ ಅತ್ತಿತ್ತ ಓಲಾಡುತ್ತಿತ್ತು. ಗಂಡನ ಆ ಕೈಯನ್ನು ಊರೆಲ್ಲ ನೋಡುತ್ತಿರುವುದನ್ನು ಕಂಡು ಪಾರಮ್ಮ ಮುಂದಕ್ಕೆ ಬಾಗಿದಳು. ಬಾಯಿ ತೆರೆದಳು. ಆದರೆ ನಿಜವನ್ನು ಆಡಬೇಕಾದವಳು ತಾನಲ್ಲ. ತಾನು ಆಡಿದರೆ ಈ ತಾಯಿ ನಂಬುವುದೂ ಇಲ್ಲ.

ಕೊಟ್ರಬಸಪ್ಪ ಚಾಕುವನ್ನು ಚಾಪೆಯ ಮೇಲಿಟ್ಟ.

“ಉಚ್ಚೆಂಗೆಮ್ಮಾ, ಈ ಕೈ ನೋಡು. ಇಂಥ ಕೈಲೆ ಮೂಳಿ ಕೂಡಸಾಕ ಆಕ್ಕೈತೇನ? ನಿನ್ನ ಮಗನ ಕಟ್ಟು ಕಟ್ಟಿದಾಕಿ ಈಕಿ. ಇವನದೊಂದಲ್ಲ, ಮೂರು ವರ್ಷದಿಂದ ಎಲ್ಲಾರದೂ ಈಕೀನ ಕಟ್ಯಾಳ. ನಾ ಹಾಕಿದ್ದು ಕಡೀ ಗಂಟು ಅಷ್ಟ. ಈಕಿ ಕಟ್ಟಿದ್ದು ಬರೋಬ್ಬರಿ ಇತ್ತು. ಕೆಡಿಸಿದ್ದು ನಾನು. ಕೈ ನಡುಗೋದು ಕಾಣಬಾರದು ಅಂತ ಜಗ್ಗಿದೆ.”

ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಹೆಂಗಸಿನ ಕೈಯಲ್ಲಿ ಕಟ್ಟಿಸಿ ಗಂಡಸಿನ ಹೆಸರು ಹೇಳಿಕೊಂಡರಲ್ಲ ಎಂದು ಒಬ್ಬ, ಮೂರು ವರ್ಷ ಊರನ್ನೆಲ್ಲ ಮಂಗ ಮಾಡಿದರಲ್ಲ ಎಂದು ಇನ್ನೊಬ್ಬ. ಎರ್ರಣ್ಣನಂತೂ “ಏಮಯ್ಯಾ, ಇಷ್ಟು ಮೋಸಾನಾ?” ಎಂದು ಎದ್ದೇ ನಿಂತ. ಉಚ್ಚೆಂಗೆಮ್ಮ ಮಾತ್ರ ಕೂಗಾಡಲಿಲ್ಲ. ಆಕೆ ಪಾರಮ್ಮನ ಕೈಗಳನ್ನೇ ನೋಡುತ್ತಿದ್ದಳು.

ಇದನ್ನೆಲ್ಲ ಮುಗಿಸಿದವನು ಓಬಣ್ಣ. ಎಡಗೈಯಿಂದ ಬಲಗೈಯನ್ನು ಎತ್ತಿ ಪಾರಮ್ಮನ ಮಡಿಲಲ್ಲಿಟ್ಟ.

“ಜಗಳ ಆಮ್ಯಾಲೆ ಮಾಡ್ರಿ. ಬಿಚ್ಚಬೇ.”

ಪಾರಮ್ಮ ಬಿಸಿನೀರಿನ ಬಟ್ಟೆಯಿಂದ ಲೇಪವನ್ನು ನೆನೆಸುತ್ತ, ದಬ್ಬೆಯ ಮೇಲೆ, ಪಟ್ಟಿಯ ಅಡಿಗೆ ಚಾಕು ತೂರಿಸಿ ಒಂದೊಂದೇ ಸುತ್ತು ಕುಯ್ದಳು. ಆಕೆಯ ಕೈ ಒಂದಿಷ್ಟೂ ಅಲುಗಲಿಲ್ಲ. ಕೊನೆಯ ಸುತ್ತು ಬಿಟ್ಟುಕೊಂಡಾಗ ಚರ್ಮದ ಮೇಲೆ ಬೆರಳಗಲದ ಹಳ್ಳ ಕಾಣಿಸಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಎಲ್ಲರೂ ಆ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಓಬಣ್ಣ ಕಿಟಾರನೆ ಚೀರಿದ.

“ಉರಿ! ಯವ್ವಾ, ಬೆಂಕಿ ಬಿದ್ದಂಗಾಗೈತಿ!”

ಉಚ್ಚೆಂಗೆಮ್ಮ ಎದೆ ಬಡಿದುಕೊಂಡು ಮುಂದೆ ಬಂದಳು.

“ಚೀರಲಿ ಬಿಡು” ಎಂದಳು ಪಾರಮ್ಮ, ಕಣ್ಣು ಒದ್ದೆ ಮಾಡಿಕೊಂಡೇ. “ಉರಿ ಬಂತಂದ್ರ ಜೀವ ಬಂತು. ಚೀರು ತಮ್ಮಾ, ಗಟ್ಟಿ ಚೀರು.”

ಕಪ್ಪು ನೀಲಿಯಾಯಿತು, ನೀಲಿ ಕೆಂಪಾಯಿತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಅಲುಗಿದವು. ಉಂಗುರದ ಬೆರಳು, ಕಿರುಬೆರಳು ಅಲುಗಲಿಲ್ಲ. ಪಾರಮ್ಮ ದಬ್ಬೆಗಳನ್ನು ಸಡಿಲವಾಗಿ ಮತ್ತೆ ಇಟ್ಟು, ಮೇಲೆ ಲೇಪವಿಲ್ಲದೆ ಬಟ್ಟೆ ಸುತ್ತಿ, ಕೈಯನ್ನು ಕೊರಳಿಗೆ ಜೋಲಿ ಕಟ್ಟಿದಳು. ಆಮೇಲೆ ಯಾರೂ ನಿರೀಕ್ಷಿಸದ ಮಾತು ಹೇಳಿದಳು.

“ಈಗ ಬಳ್ಳಾರಿಗೆ ನಡೀರಿ, ದೊಡ್ಡ ದವಾಖಾನಿಗೆ. ಒಳಗಿನ ಮೂಳಿ ನನ್ನ ಬೆರಳಿಗೆ ತಿಳೀತೈತಿ. ಒಳಗಿನ ರಕ್ತ ಎಷ್ಟು ಕೆಟ್ಟೈತಿ ಅಂಬೋದು ನನಗ ತಿಳಿಯಂಗಿಲ್ಲ. ತಿಳಿದೋರು ನೋಡಬೇಕು.”

ಮೂರು ವರ್ಷ “ಇವರು ಹೇಳತಾರ” ಎನ್ನುತ್ತಿದ್ದವಳು ಈ ಮಾತನ್ನು ತನ್ನ ಬಾಯಿಂದ ತಾನೇ ಹೇಳಿದ್ದಳು. ಅದನ್ನು ಮೀರುವ ಧೈರ್ಯ ಯಾರಿಗೂ ಬರಲಿಲ್ಲ.

ಬಳ್ಳಾರಿಯ ಡಾಕ್ಟರು ಮೂಳೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಮೂಳೆ ತಾವು ಕೂಡಿಸಿದ್ದರೂ ಇಷ್ಟು ನೇರ ಕೂರುತ್ತಿತ್ತೋ ಇಲ್ಲವೋ ಎಂದರು. ಮರುಕ್ಷಣವೇ, ಇನ್ನು ಸ್ವಲ್ಪ ತಡವಾಗಿದ್ದರೆ ಮುಂಗೈಯನ್ನೇ ತೆಗೆಯಬೇಕಾಗಿತ್ತು ಎಂದು ಗದರಿದರು. ಎರಡು ಮಾತನ್ನೂ ಗಂಡ ಹೆಂಡತಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಊತ ಇಳಿಯುವವರೆಗೆ ನಾಲ್ಕು ದಿನ ಅಲ್ಲೇ ಇರಿಸಿಕೊಂಡು, ಆಮೇಲೆ ಬಿಳಿಯ ಪ್ಲಾಸ್ಟರು ಹಾಕಿ ಕಳಿಸಿದರು. ಮಡಿಸದ ಎರಡು ಬೆರಳುಗಳ ವಿಷಯ ಕೇಳಿದ್ದಕ್ಕೆ, ನರ ಚಿಗುರಿದರೆ ಚಿಗುರೀತು, ದಿನಾ ಆಡಿಸಿ ಎಂದಷ್ಟೇ ಹೇಳಿದರು.

ಓಬಣ್ಣನ ಮುಂದೆ ಈಗ ಉಳಿದದ್ದು ಆ ಎರಡು ಬೆರಳು. ಹುಟ್ಟನ್ನು ಗಟ್ಟಿಯಾಗಿ ಹಿಡಿಯುವುದು ಆ ಎರಡು ಬೆರಳುಗಳೇ. ಅವಿಲ್ಲದೆ ನಡುಹೊಳೆಯಲ್ಲಿ ಹರಿಗೋಲು ತಿರುಗಿತೋ, ಹಿಡಿಯಲು ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಪಾರಮ್ಮನಿಗೂ ಗೊತ್ತಿತ್ತು.

ವಾರಕ್ಕೊಮ್ಮೆ ಪಾರಮ್ಮನೇ ಸಿರುಗುಪ್ಪಕ್ಕೆ ಹೋಗುತ್ತಿದ್ದಳು. ಕೊಟ್ರಬಸಪ್ಪ ಜೊತೆಗೆ ಬಂದು ಜಗುಲಿಯ ಮೇಲೆ ಕೂರುತ್ತಿದ್ದ. ಈಗ ಕೈಯನ್ನು ಎಲ್ಲಿಯೂ ಬಚ್ಚಿಡುತ್ತಿರಲಿಲ್ಲ, ಅದರ ಪಾಡಿಗೆ ಅದು ನಡುಗುತ್ತಿತ್ತು. ಉಚ್ಚೆಂಗೆಮ್ಮ ಇಬ್ಬರಿಗೂ ನೀರು ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ಪ್ಲಾಸ್ಟರಿನ ಹೊರಗಿದ್ದ ಬೆರಳುಗಳನ್ನು ಪಾರಮ್ಮ ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದಳು. ಎಡಗೈಯಿಂದ ಅದನ್ನೇ ದಿನಕ್ಕೆ ನೂರು ಸಲ ಮಾಡಬೇಕೆಂದು ಓಬಣ್ಣನಿಗೆ ಕಟ್ಟುನಿಟ್ಟು ಮಾಡಿದ್ದಳು.

ಏಳನೆಯ ವಾರ ಬಳ್ಳಾರಿಯಲ್ಲಿ ಪ್ಲಾಸ್ಟರು ತೆಗೆದರು. ಕೈ ಸೊರಗಿ ಕೋಲಾಗಿತ್ತು. ಅದೇ ವಾರ ಬಳ್ಳಾರಿಯ ಗಾಂಧಿನಗರದಲ್ಲಿ ಇನ್ನೊಂದು ಪಂದ್ಯ. ಪಾರಮ್ಮ ಸಿರುಗುಪ್ಪಕ್ಕೆ ಬಂದಿದ್ದಾಗ ಎರ್ರಣ್ಣ ಹಲ್ಲು ಕಿರಿಯುತ್ತ ಬಂದ.

“ಪ್ಲಾಸ್ಟರು ಹೋತಲ್ಲಬೇ. ಸುಮ್ಮನ ಅಂಗಳದಾಗ ನಿಲ್ಲಿಸ್ತೀವಿ. ಅವನ ಹೆಸರು ಕೇಳಿದ್ರ ಸಾಕು, ಅವರು ಹೆದರ್ತಾರ.”

“ಐದು ಮಂದಿ ಮೈಮ್ಯಾಲೆ ಬಿದ್ರ ಹೆಸರು ತಡೀತೈತೇನ್ಲೇ?” ಪಾರಮ್ಮ ಎದ್ದು ನಿಂತಳು. “ಮೂಳಿ ಕೂಡೈತಿ, ಗಟ್ಟಿ ಆಗಿಲ್ಲ. ಈಗ ಮುರಿದ್ರ ನಾನೂ ಕೂಡಸಂಗಿಲ್ಲ, ಬಳ್ಳಾರಿ ಡಾಕ್ಟರೂ ಕೂಡಸಂಗಿಲ್ಲ. ಮೊದ್ಲು ಉಣ್ಣಲಿ, ಆಮ್ಯಾಲೆ ಕೊಡ ಎತ್ತಲಿ, ಆಮ್ಯಾಲೆ ಹುಟ್ಟು. ಕಡೀಗೆ ಚೆಡುಗುಡು. ಮುಂದಿನ ಸುಗ್ಗಿಗೆ ಬಾ ಹೋಗು.”

ಎರ್ರಣ್ಣ ಬಂದ ದಾರಿ ಹಿಡಿದ. ಓಬಣ್ಣನಿಗೆ ಮುಖ ಸಪ್ಪಗಾಯಿತು. ಆದರೆ ಆಟಕ್ಕೆ ಹೋಗಲಿಲ್ಲ. ಬೆಚ್ಚನೆಯ ನೀರಿನಲ್ಲಿ ಕೈ ಇಟ್ಟುಕೊಂಡು ಬಟ್ಟೆ ಹಿಂಡುತ್ತ ಕೂತ. ಮೊದಲು ಕರವಸ್ತ್ರ, ಆಮೇಲೆ ಟವಲು, ಆಮೇಲೆ ಅವ್ವನ ಸೀರೆ. ಮೂರು ಬೆರಳು ದಿನದಿನಕ್ಕೆ ಬಲಗೊಂಡವು. ಉಳಿದೆರಡು ಅರ್ಧ ಮಡಿಸಿ ನಿಂತುಬಿಡುತ್ತಿದ್ದವು. ಒಂದು ದಿನ ಅವನು ಹತಾಶೆಯಿಂದ ಬೋಗುಣಿಯನ್ನೇ ಒದ್ದ. ಪಾರಮ್ಮ ಬೈಯಲಿಲ್ಲ. ಚೆಲ್ಲಿದ ನೀರನ್ನು ಒರೆಸಿ ಮತ್ತೆ ತುಂಬಿ ತಂದು ಎದುರಿಗಿಟ್ಟಳು. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಗಂಡನ ಹತ್ತಿರ ಒಂದೇ ಮಾತು ಆಡಿದಳು, “ಅವತ್ತೊಂದು ಮಾತು ಅಂದಿದ್ರ ಆಗ್ತಿತ್ತು” ಎಂದು. ಯಾವತ್ತು ಎಂದು ಆತ ಕೇಳಲಿಲ್ಲ.

ಇತ್ತ ಕುರುಗೋಡಿನ ಅಂಗಳಕ್ಕೆ ಜನ ಬರುವುದು ಒಂದು ತಿಂಗಳು ನಿಂತಿತ್ತು. ಆಮೇಲೆ ತೆಕ್ಕಲಕೋಟೆಯಿಂದ ಒಬ್ಬ ಮುದುಕಿ ಬಂದಳು, ಮಣಿಕಟ್ಟು ಮುರಿದುಕೊಂಡು. “ಆ ಹುಡುಗನ ಕಟ್ಟು ಬಿಚ್ಚಿದಾಕಿ ನೀನೇನ?” ಎಂದು ಕೇಳಿ ಪಾರಮ್ಮನ ಮುಂದೆಯೇ ಕೂತಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಜನ ಬೈದುಕೊಂಡೇ ಬಂದರು, ಆದರೆ ಬಂದರು.

ಮಳೆಗಾಲದ ಹೊಳೆ ಇಳಿದ ಮೇಲೆ ಒಂದು ಬೆಳಿಗ್ಗೆ ಓಬಣ್ಣ ತಾನಾಗಿಯೇ ಕುರುಗೋಡಿಗೆ ಬಂದ. ಜೊತೆಯಲ್ಲಿ ಉಚ್ಚೆಂಗೆಮ್ಮ. ಅಂಗಳದಲ್ಲಿ ನಾಲ್ಕಾರು ಜನ ಕಾದಿದ್ದರು. ಪಾರಮ್ಮ ಒಬ್ಬ ಹುಡುಗಿಯ ಕಾಲಿಗೆ ದಬ್ಬೆ ಇಡುತ್ತಿದ್ದಳು. ಕೆಲಸ ಮುಗಿಸಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಅವನ ಎದುರು ಕೂತಳು. ಏನಾಯಿತು ಎಂದು ಕೇಳಲಿಲ್ಲ. ಕೇಳಲು ಆಕೆಗೆ ಅಂಜಿಕೆಯಾಗಿತ್ತು. ತನ್ನ ಬಲಗೈಯನ್ನು ಅವನ ಅಂಗೈಯಲ್ಲಿಟ್ಟಳು.

“ಹಿಡಿ.”

ಹೆಬ್ಬೆರಳು ಬಂತು, ತೋರುಬೆರಳು ಬಂತು, ಮಧ್ಯದ ಬೆರಳು ಬಂತು. ಆಕೆ ಎಂದಿನಂತೆ ಕಣ್ಣು ಮುಚ್ಚಿದಳು. ಉಂಗುರದ ಬೆರಳು ನಿಧಾನವಾಗಿ ಆಕೆಯ ಅಂಗೈ ಅಂಚನ್ನು ಬಳಸಿತು. ಅದರ ಹಿಂದೆ ಕಿರುಬೆರಳು. ಎರಡೂ ಬಿಗಿಯಾದವು, ಇನ್ನೂ ಬಿಗಿಯಾದವು. ಹೊಳೆಯ ಸೆಳೆತಕ್ಕೆ ಹುಟ್ಟು ಹಾಕಿ ಬೆಳೆದ ಕೈ ಅದು; ಪಾರಮ್ಮನ ಗೆಣ್ಣುಗಳು ಒಂದಕ್ಕೊಂದು ಒತ್ತಿಕೊಂಡು ನಲುಗಿದವು. ಮುಚ್ಚಿದ ಕಣ್ಣಿನಿಂದ ನೀರು ಇಳಿಯತೊಡಗಿತು. ಉಚ್ಚೆಂಗೆಮ್ಮ ಗಾಬರಿಯಾಗಿ, ಇಷ್ಟು ತಿಂಗಳಿನಲ್ಲಿ ಮೊದಲ ಸಲ ಆಕೆಯ ಭುಜ ಮುಟ್ಟಿದಳು.

“ನೋವಾತೇನ ಪಾರಮ್ಮಾ? ಬಿಡಲೇ ಓಬಾ, ಬಿಡು!”

“ಆತವ್ವಾ, ಭಾಳ ನೋವಾತು” ಎಂದಳು ಪಾರಮ್ಮ. “ಬಿಡಬ್ಯಾಡ ತಮ್ಮಾ. ಇನ್ನಾಟು ಹಿಡಿ.”